ದೊಡ್ಡ ನಿರ್ದೇಶಕ ಯಾರು? ಅಳೆಯುವ ಸೇರು ಯಾವುದು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸಿನಿಮಾ ಮಾತು ಶುರುವಾದರೆ ಬೇಗ ಕಲೆಕ್ಷನ್ನಿಗೆ ಬಂದು ನಿಲ್ಲುತ್ತದೆ. ಎಷ್ಟು ಕೋಟಿ ಬಂತು, ಎಷ್ಟು ದಿನ ಓಡಿತು ಎಂಬುದೇ ಲೆಕ್ಕ. ಆದರೆ ಸಿನಿಮಾ ಕಲೆಯನ್ನು ಬದಲಿಸಿದವರು ಯಾರು ಎಂದು ಕೇಳಿದರೆ ಈ ಸೇರು ಸಾಲದು. ನಾವು ಇಟ್ಟುಕೊಂಡ ಅಳತೆ ಬೇರೆ: ಒಬ್ಬ ನಿರ್ದೇಶಕರು ಬಂದುಹೋದ ಮೇಲೆ ಉಳಿದವರು ಸಿನಿಮಾ ಮಾಡುವ ರೀತಿ ಬದಲಾಯಿತೇ?

1972ರ 'ಬಂಗಾರದ ಮನುಷ್ಯ' ನಿಮಗೆ ಗೊತ್ತು. ಸಿದ್ದಲಿಂಗಯ್ಯನವರ ಆ ಚಿತ್ರ ನೋಡಿ ಓದಿದ ಹುಡುಗರು ಒಕ್ಕಲುತನಕ್ಕೆ ಮರಳಿದರು ಎಂಬ ಮಾತು ಇಂದಿಗೂ ಇದೆ. ಅದು ನೋಡುವವರ ಮೇಲಾದ ಪ್ರಭಾವ. ಇಲ್ಲಿ ನಮ್ಮ ಪ್ರಶ್ನೆ ಮಾಡುವವರ ಮೇಲಾದ ಪ್ರಭಾವದ್ದು.

ಪುಟ್ಟಣ್ಣ ಕಣಗಾಲರನ್ನು ನೋಡಿ. 'ಬೆಳ್ಳಿಮೋಡ', 'ಶರಪಂಜರ'ಗಳಲ್ಲಿ ಅವರು ಹೆಣ್ಣಿನ ಮನಸ್ಸನ್ನೇ ಕಥೆಯ ನಡುವೆ ಇಟ್ಟರು. ಅವರ ಬಳಿ ಸಹಾಯಕರಾಗಿ ದುಡಿದ ಭಾರತಿರಾಜಾ 1977ರಲ್ಲಿ '16 ವಯದಿನಿಲೆ' ಮಾಡಿ, ತಮಿಳು ಸಿನಿಮಾವನ್ನು ಸ್ಟುಡಿಯೊ ಸೆಟ್ಟಿನಿಂದ ನಿಜವಾದ ಹಳ್ಳಿಗೆ ಕರೆದೊಯ್ದರು. ಕನ್ನಡದ ಗುರುವಿನ ಪಾಠ ಭಾಷೆಯ ಗಡಿ ದಾಟಿತು.

ಇನ್ನೂ ಹಿಂದಕ್ಕೆ ಹೋಗೋಣ. 1950ರಲ್ಲಿ ಸತ್ಯಜಿತ್ ರೇ ಲಂಡನ್ನಿನಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್' ನೋಡಿದರು. ಕಳುವಾದ ಸೈಕಲ್ ಹುಡುಕುವ ಒಬ್ಬ ಬಡ ಅಪ್ಪ, ಅವನ ಮಗ, ನಿಜವಾದ ಬೀದಿ, ನಟರಲ್ಲದ ಜನ. ಹೀಗೂ ಸಿನಿಮಾ ಮಾಡಬಹುದು ಎಂಬ ಧೈರ್ಯ ಬಂತು. 1955ರಲ್ಲಿ 'ಪಥೇರ್ ಪಾಂಚಾಲಿ' ಬಂತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಕನ್ನಡದಲ್ಲಿ ಆ ಬಾಗಿಲು ತೆರೆಯಿತು. ಮೊದಲು ಸೆನ್ಸಾರ್ ತಡೆದ ಚಿತ್ರಕ್ಕೇ ಆಮೇಲೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅದೇ ದಾರಿಯಲ್ಲಿ 1977ರಲ್ಲಿ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಬಂತು.

ಇನ್ನೊಬ್ಬರ ಕಥೆ ನಮ್ಮ ಸಿಂಧನೂರಿಗೇ ಹತ್ತಿರ. ಇಲ್ಲಿನ ಬಂಗಾಲಿ ಕ್ಯಾಂಪುಗಳಲ್ಲಿ ಇರುವವರು ಪೂರ್ವ ಬಂಗಾಳದಲ್ಲಿ ನೆಲೆ ಕಳೆದುಕೊಂಡು ಬಂದ ಕುಟುಂಬಗಳು. ಅಂಥ ನಿರಾಶ್ರಿತರ ನೋವನ್ನೇ ಋತ್ವಿಕ್ ಘಟಕ್ 1960ರ 'ಮೇಘೇ ಢಾಕಾ ತಾರಾ'ದಲ್ಲಿ ತೋರಿಸಿದರು. ಅವರು 1952ರಲ್ಲಿ ಮುಗಿಸಿದ ಮೊದಲ ಚಿತ್ರ 'ನಾಗರಿಕ್' ತೆರೆ ಕಂಡದ್ದು 1977ರಲ್ಲಿ, ಅವರು ತೀರಿಕೊಂಡ ಮರುವರ್ಷ! ಕಲೆಕ್ಷನ್ ಲೆಕ್ಕದಲ್ಲಿ ಇವರ ಹೆಸರೇ ಬಾರದು. ಆದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಇವರ ಪಾಠ ಕೇಳಿದ ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಭಾರತದ ಸಿನಿಮಾಕ್ಕೆ ಹೊಸ ದಾರಿ ಹಾಕಿದರು. ಮುಂದೆ ಕಾಸರವಳ್ಳಿ ಕಲಿತದ್ದೂ ಅದೇ ಸಂಸ್ಥೆಯಲ್ಲಿ.

ಮಸ್ಕಿಯ ಬಂಡೆ ನೆನಪಿಸಿಕೊಳ್ಳಿ. ಅಶೋಕನ ಹೆಚ್ಚಿನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿತ್ತು, ಹೆಸರಿರಲಿಲ್ಲ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಹೆಸರೂ ಇತ್ತು. ಸಿನಿಮಾದಲ್ಲೂ ಹಾಗೇ. ಕೆಲವರ ಗುರುತು ನೂರಾರು ಚಿತ್ರಗಳಲ್ಲಿ ಇರುತ್ತದೆ, ಹೆಸರು ಮಾತ್ರ ಕಾಣುವುದಿಲ್ಲ. ಅದನ್ನು ಹುಡುಕಿ ಓದುವುದೇ ಇತಿಹಾಸದ ಕೆಲಸ.

ಹಾಗಾಗಿ ನಮ್ಮ ತೀರ್ಪು ಇದು: ಭಾರತದ ಮಟ್ಟಿಗೆ ರೇ ಮತ್ತು ಘಟಕ್, ಕನ್ನಡದ ಮಟ್ಟಿಗೆ ಪುಟ್ಟಣ್ಣ ಮತ್ತು ಕಾಸರವಳ್ಳಿ. ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಈ ಅಳತೆ ನಮಗೆ ಯಾಕೆ ಬೇಕೆಂದರೆ, ಕೋಟಿಯೇ ಅಳತೆಯಾದರೆ ನಮ್ಮ ಭಾಗದ ಹುಡುಗ ಹುಡುಗಿಯರು ಕ್ಯಾಮೆರಾ ಮುಟ್ಟುವ ಮೊದಲೇ ಸೋತಂತೆ. ಹಟ್ಟಿ ಗಣಿಯ ಕಾರ್ಮಿಕರು, ಕಾಲುವೆಯ ಕೆಳಭಾಗದಲ್ಲಿ ನೀರಿಗೆ ಕಾಯುವ ರೈತರು, ಬೀಗ ಹಾಕಿ ಗುಳೆ ಹೋದ ಮನೆಗಳು: ಕಥೆ ನಮ್ಮಲ್ಲಿ ಬೇಕಾದಷ್ಟಿವೆ. ಅವನ್ನು ಹೇಳಲು ಧೈರ್ಯ ಕೊಡುವ ಒಂದು ಚಿತ್ರ ಮೊದಲು ನೋಡಿ. 'ಘಟಶ್ರಾದ್ಧ'ದಿಂದಲೇ ಶುರು ಮಾಡಬಹುದು.