ಪಟ್ಟೆ ಮತ್ತು ರೇಷ್ಮೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು 'ರೇಷ್ಮೆ'. ಅಚ್ಚಗನ್ನಡವೆಂಬಂತೆ ತೋರುವ ಈ ಮಾತಿನ ತವರು ಪಾರಸಿ. ಅಲ್ಲಿಯ 'ಅಬ್ರೇಶಮ್' ಸವೆದು 'ರೇಶಮ್' ಆಯಿತು. ಉರ್ದು, ಮರಾಠಿಗಳನ್ನು ಹೊಕ್ಕಿತು. ನಮ್ಮಲ್ಲಿ ಎಕಾರಾಂತವಾಗಿ ನೆಲೆಸಿತು.

ಇದೇ ಬಟ್ಟೆಗೆ ಕನ್ನಡದಲ್ಲಿ 'ಪಟ್ಟೆ' ಎಂಬ ಹಳೆಯ ಹೆಸರೊಂದುಂಟು. ಅದು ಸಂಸ್ಕೃತದ 'ಪಟ್ಟ'ದ ಬಂಧು. ತಮಿಳರೂ ತೆಲುಗರೂ ಇಂದಿಗೂ 'ಪಟ್ಟು' ಎಂದೇ ಅನ್ನುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಚೀನಪಟ್ಟ' ಎಂಬ ಹೆಸರಿದೆ. ಬಟ್ಟೆ ಎಲ್ಲಿಂದ ಬಂತೆಂಬುದನ್ನು ಆ ಮಾತೇ ಹೇಳುತ್ತದೆ.

ಸಮೀಪದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು 1780ರ ದಶಕದಲ್ಲಿ ಬಂಗಾಳದಿಂದ ಹುಳುಗಳನ್ನು ತರಿಸಿ ಸಾಕಿಸಲು ಶ್ರಮಿಸಿದನು. ಅವನ ಆಸ್ಥಾನದ ಭಾಷೆಯೂ ಪಾರಸಿಯೇ. ಆದರೂ ಕಸುಬಿನ ಮಾತುಗಳು ಕನ್ನಡವಾಗಿಯೇ ಉಳಿದುವು: ಹುಳು, ಗೂಡು, ಹಿಪ್ಪುನೇರಳೆ, ಮಗ್ಗ, ಹಾಸು, ಹೊಕ್ಕು. ಬಟ್ಟೆಯ ಹೆಸರು ಪೇಟೆಯದಾಯಿತು. ದುಡಿಮೆಯ ಹೆಸರುಗಳು ಮನೆಯವೇ ಆಗಿ ನಿಂತುವು.

'ರೇಷ್ಮೆ' ಬಂದುದಕ್ಕೆ ನನಗೆ ಖೇದವಿಲ್ಲ. ಬಂದವರನ್ನು ಒಳಗೆ ಕರೆದುಕೊಳ್ಳುವುದು ಭಾಷೆಯ ದೊಡ್ಡಗುಣ. ಆದರೆ ಪೇಟೆಯ ನಮ್ಮ ಮಕ್ಕಳಿಗೆ 'ಪಟ್ಟೆ' ಎಂದರೆ ಹುಲಿಯ ಮೈಮೇಲಿನ ಗೆರೆ ಮಾತ್ರ. ಪೂಜೆಗೆ ಉಡುವ ಪಟ್ಟೆಮಡಿಯಲ್ಲಿ, ಪಟ್ಟೆಗಾರರೆಂಬ ನೇಕಾರರ ಹೆಸರಿನಲ್ಲಿ ಆ ಮಾತು ಇನ್ನೂ ಉಸಿರಾಡುತ್ತಿದೆ. ಮಡಿ ಉಡುವಾಗಲಾದರೂ ಮಕ್ಕಳಿಗೆ ಅದರ ಅರ್ಥ ತಿಳಿಸೋಣ.