ಆಲಿಕಲ್ಲು ಮಳೆಯಿಂದ ಪಿಕಪ್ ವಾಹನಗಳ ರಕ್ಷಣೆ (ಹುಬ್ಬಳ್ಳಿ-ಧಾರವಾಡ)

ಹುಬ್ಬಳ್ಳಿ-ಧಾರವಾಡದಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಗುಡುಗು-ಸಿಡಿಲಿನೊಂದಿಗೆ ಬರುವ ಅಡ್ಡಮಳೆಯಲ್ಲಿ ಕೆಲವೊಮ್ಮೆ ಆಲಿಕಲ್ಲು ಸುರಿಯುತ್ತದೆ. ಇಲ್ಲಿನ ಆಡುಮಾತಿನಲ್ಲಿ ಅದು ಆಣೆಕಲ್ಲು. ಬೊಲೆರೊ ಪಿಕಪ್, ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ಸಣ್ಣ ಸರಕು ವಾಹನಗಳಿಗೆ ಇದರಿಂದ ಎರಡು ಬಗೆಯ ಹಾನಿ: ಕ್ಯಾಬಿನ್ನಿನ ತಗಡು ಮತ್ತು ಗಾಜಿಗೆ ಬೀಳುವ ಪೆಟ್ಟು ಒಂದು, ಹಿಂದೆ ಬಯಲಿಗೆ ತೆರೆದುಕೊಂಡ ಸರಕಿಗೆ ತಗಲುವ ಪೆಟ್ಟು ಇನ್ನೊಂದು. ಮಳೆಯ ವೇಳೆ ಅರಿತು ಗಾಡಿ ನಿಲ್ಲಿಸುವುದು, ಸರಿಯಾದ ಹೊದಿಕೆ ಹಾಗೂ ತಕ್ಕ ವಿಮೆ ಇದರ ಮುಖ್ಯ ರಕ್ಷಣೆಗಳು.

ಕಾಲ ಮತ್ತು ಕಾರಣ

ಅವಳಿ ನಗರ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗಿನಲ್ಲಿದೆ. ಬೇಸಿಗೆಯಲ್ಲಿ ಅರಬ್ಬೀ ಸಮುದ್ರದಿಂದ ಘಟ್ಟ ಏರಿ ಬರುವ ತೇವದ ಗಾಳಿ ಒಳನಾಡಿನ ಒಣಗಾಳಿಯನ್ನು ಇಲ್ಲಿ ಸಂಧಿಸುತ್ತದೆ. ಹಗಲೆಲ್ಲ ಕಾದ ನೆಲದಿಂದ ಬಿಸಿಗಾಳಿ ಮೇಲೆದ್ದು, ಮಧ್ಯಾಹ್ನದ ನಂತರ ಮೋಡ ಗೋಪುರದಂತೆ ಬೆಳೆಯುತ್ತದೆ. ಮೋಡದ ಎತ್ತರದ ಭಾಗದಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿರುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಸಣ್ಣ ಕಾಳಿಗೆ ನೀರಹನಿಗಳು ಅಂಟಿ ಮಂಜುಗಡ್ಡೆಯಾಗುತ್ತ ಹೋಗುತ್ತವೆ. ಮೇಲ್ಮುಖ ಗಾಳಿ ತಡೆಯಲಾರದಷ್ಟು ಭಾರವಾದಾಗ ಕಲ್ಲು ಉದುರುತ್ತದೆ. ರೈತರ ಲೆಕ್ಕದಲ್ಲಿ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಅವಧಿ, ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯ ವಾರದವರೆಗಿನ ದಿನಗಳು, ಈ ಋತುವಿನೊಳಗೇ ಬರುತ್ತವೆ.

ಆಲಿಕಲ್ಲು ಬೀಳುವುದು ಕೆಲವೇ ನಿಮಿಷ, ಅದೂ ಇಕ್ಕಟ್ಟಾದ ಪಟ್ಟಿಯಲ್ಲಿ. ಉಣಕಲ್ಲಿನಲ್ಲಿ ಕಲ್ಲು ಬಿದ್ದ ಸಂಜೆ ನವಲೂರಿನಲ್ಲಿ ಬರೀ ಹನಿ ಬಿದ್ದಿರಬಹುದು. ದೀರ್ಘಕಾಲದ ಹಾವಳಿಯೂ ಉಂಟು: 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಭಾಗಗಳಲ್ಲಿ ಮತ್ತೆ ಮತ್ತೆ ಆಲಿಕಲ್ಲು ಸುರಿದು ಅಪಾರ ಬೆಳೆ ನಾಶವಾಯಿತು.

ಹಾನಿಯ ಸ್ವರೂಪ

ಆಲಿಕಲ್ಲು ಎನಿಸಿಕೊಳ್ಳಲು ಕಲ್ಲು ಕನಿಷ್ಠ 5 ಮಿಲಿಮೀಟರ್ ಅಗಲವಿರಬೇಕು. ಅದರ ಪೆಟ್ಟು ಗಾತ್ರಕ್ಕಿಂತ ಬಹಳ ವೇಗವಾಗಿ ಏರುತ್ತದೆ. ವ್ಯಾಸ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಬೀಳುವ ವೇಗವೂ ಹೆಚ್ಚುತ್ತದೆ. ಎರಡೂ ಸೇರಿ ಪೆಟ್ಟಿನ ಶಕ್ತಿ ಸುಮಾರು 16 ಪಟ್ಟಾಗುತ್ತದೆ. ಕಡಲೆಕಾಳಿನಷ್ಟು, ಅಂದರೆ 1 ಸೆಂಟಿಮೀಟರಿನ ಕಲ್ಲು ಅರ್ಧ ಗ್ರಾಂ ತೂಗುತ್ತದೆ; ತಗಡಿನ ಮೇಲೆ ಸದ್ದು ಮಾಡಿ ಸಿಡಿದುಹೋಗುತ್ತದೆ. ಲಿಂಬೆಹಣ್ಣಿನಷ್ಟು, ಅಂದರೆ 4 ಸೆಂಟಿಮೀಟರಿನದು ಸುಮಾರು 30 ಗ್ರಾಂ ತೂಗುತ್ತದೆ. ಅದರ ಪೆಟ್ಟು ಕಡಲೆ ಗಾತ್ರದ ಕಲ್ಲಿನ ಸುಮಾರು 250 ಪಟ್ಟು. 2.5ರಿಂದ 4.5 ಸೆಂಟಿಮೀಟರಿನ ಕಲ್ಲುಗಳು ಸಾಮಾನ್ಯವಾಗಿ ಗಂಟೆಗೆ 40ರಿಂದ 65 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತವೆ. ಬಾನೆಟ್ ಮತ್ತು ಕ್ಯಾಬಿನ್ ಮೇಲ್ಛಾವಣಿಯ ತಗಡು ಒಂದು ಮಿಲಿಮೀಟರಿಗಿಂತ ತೆಳು. ಅದರಲ್ಲಿ ಗುಳಿ ಬೀಳುತ್ತದೆ.

ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಕೂಡಿಸಿದ್ದು. ಒಡೆದರೂ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಬಾಗಿಲಿನ ಗಾಜು ಹಾಗಲ್ಲ, ಒಡೆದರೆ ಸಕ್ಕರೆ ಹರಳಿನಂತೆ ಚೂರುಚೂರಾಗಿ ಉದುರುತ್ತದೆ.

ನಿಲುಗಡೆ

ಭದ್ರವಾದ ಸೂರಿಗೆ ಸಾಟಿ ಬೇರಿಲ್ಲ. ಆರ್‌ಸಿಸಿ ಚಾವಣಿಯ ಪಾರ್ಕಿಂಗ್ ಅತ್ಯುತ್ತಮ. ಪತ್ರಾಸ್ ಶೆಡ್ಡೂ ಕಲ್ಲನ್ನು ತಡೆಯುತ್ತದೆ, ಆದರೆ ಆಲಿಕಲ್ಲಿಗಿಂತ ಮೊದಲು ಬರುವ ಬಿರುಗಾಳಿಗೆ ಬೋಲ್ಟ್ ಸಡಿಲವಿದ್ದ ತಗಡು ಹಾರಿ ಗಾಡಿಯ ಮೇಲೇ ಬೀಳಬಹುದು. ಹಳೆಯ ಸಿಮೆಂಟ್ ಶೀಟು ದೊಡ್ಡ ಕಲ್ಲಿಗೆ ತೂತಾಗುತ್ತದೆ. ತಗಡು ಹಾರದಂತೆ ಶೆಡ್ಡಿನ ಬೋಲ್ಟುಗಳನ್ನು ಮಾರ್ಚ್‌ಗೆ ಮುಂಚೆಯೇ ಬಿಗಿ ಮಾಡಿಸುವುದು ಒಳಿತು. ಹುಣಸೆ ಅಥವಾ ಮಳೆಮರದ ಕೆಳಗೆ ನಿಲ್ಲಿಸುವ ರೂಢಿ ಬಿಸಿಲಿಗೆ ಸರಿ, ಈ ಮಳೆಗೆ ಅಲ್ಲ: ಕೊಂಬೆ ಮುರಿಯುವ ಮತ್ತು ಸಿಡಿಲಿನ ಭಯ ಎರಡೂ ಇವೆ.

ಹೊದಿಕೆ

ಪೇಟೆಯಲ್ಲಿ ಸಿಗುವ ತೆಳು ಕವರ್ ದೂಳು, ಬಿಸಿಲು ತಡೆಯಲಷ್ಟೇ ಸಾಕು. ಆಲಿಕಲ್ಲಿನ ಪೆಟ್ಟು ಹೀರಲು ದಪ್ಪವಾದ ಮೆತ್ತೆ ಇಲ್ಲವೆ ಹೊದಿಕೆ ಮತ್ತು ತಗಡಿನ ನಡುವೆ ಗಾಳಿಯ ಜಾಗ ಬೇಕು. ಮೆತ್ತೆಗೆ ಈ ಭಾಗದ ಮನೆಮನೆಯಲ್ಲೂ ಇರುವ ಕೌದಿ ಒಳ್ಳೆಯ ಸಾಧನ. ಹಳೆಯ ಸೀರೆ-ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಎರಡು ಮಡಿಕೆ ಮಾಡಿ ಬಾನೆಟ್, ಮೇಲ್ಛಾವಣಿ ಹಾಗೂ ಮುಂದಿನ ಗಾಜಿನ ಮೇಲೆ ಹಾಸಿ, ಮೇಲೆ ತಾಡಪತ್ರಿ ಹೊದಿಸಿ, ಹಗ್ಗವನ್ನು ಚಾಸಿಗೆ ಬಿಗಿಯಬೇಕು. ತಾಡಪತ್ರಿ ಇಲ್ಲದಿದ್ದರೆ ಕೌದಿ ನೀರು ಕುಡಿದು ಜಾರುತ್ತದೆ. ಹಗ್ಗ ಸಡಿಲವಿದ್ದರೆ ಹೊದಿಕೆ ಗಾಳಿಗೆ ಬಡಿದಾಡಿ ಬಣ್ಣ ಉಜ್ಜುತ್ತದೆ. ಇದು ರಾತ್ರಿ ಬಯಲಲ್ಲಿ ನಿಲ್ಲುವ ಗಾಡಿಗೆ ಹೇಳಿದ ಉಪಾಯ. ಕಲ್ಲು ಬೀಳತೊಡಗಿದ ಮೇಲೆ ಹೊದಿಸಲು ಇಳಿಯಬಾರದು.

ಸರಕಿನ ರಕ್ಷಣೆ

ಧಾರವಾಡದ ಆಪೂಸ್ ಮಾವು ಮಾರುಕಟ್ಟೆಗೆ ಬರುವುದೂ ಏಪ್ರಿಲ್-ಮೇ ತಿಂಗಳಲ್ಲೇ. ಕೆಲಗೇರಿಯಂಥ ಊರುಗಳ ತೋಟದಿಂದ ತೆರೆದ ಪಿಕಪ್‌ನಲ್ಲಿ ಹೊರಟ ಕ್ರೇಟುಗಳ ಮೇಲೆ ಕಲ್ಲು ಬಿದ್ದರೆ ಹಣ್ಣಿನ ಸಿಪ್ಪೆ ಒಡೆಯುತ್ತದೆ, ಇಲ್ಲವೆ ಒಳಗೆ ಜಜ್ಜುತ್ತದೆ. ಜಜ್ಜಿದ ಜಾಗ ಅಂದು ಕಾಣದಿದ್ದರೂ ಹಣ್ಣಾಗುವಾಗ ಕಪ್ಪಾಗಿ ಕೊಳೆಯುತ್ತದೆ. ಅಮರಗೋಳದ ಎಪಿಎಂಸಿಗೆ ಬರುವ ಒಣಮೆಣಸಿನಕಾಯಿ, ಈರುಳ್ಳಿಗೆ ಪೆಟ್ಟಿಗಿಂತ ಕರಗಿದ ನೀರೇ ಶತ್ರು.

ತಾಡಪತ್ರಿಯನ್ನು ನೇರ ಸರಕಿನ ಮೇಲೆ ಹಾಸಿದರೆ ಪೆಟ್ಟು ಹಾಗೇ ಒಳಕ್ಕೆ ಇಳಿಯುತ್ತದೆ. ಕಬ್ಬಿಣದ ಕಮಾನು ಅಥವಾ ನಡುವೆ ಎತ್ತರಿಸಿ ಕಟ್ಟಿದ ಬಿದಿರಿನ ಗಳದ ಮೇಲೆ ಬಿಗಿಯಾಗಿ ಎಳೆದರೆ ಕಲ್ಲು ಪುಟಿದು ಪಕ್ಕಕ್ಕೆ ಜಾರುತ್ತದೆ. ಇಳಿಜಾರು ಇಲ್ಲದಿದ್ದರೆ ಕಲ್ಲೂ ನೀರೂ ನಡುವೆ ತುಂಬಿ ಹೊದಿಕೆ ಜೋತುಬೀಳುತ್ತದೆ. ಮಾವಿನ ಕ್ರೇಟುಗಳ ಮೇಲೆ ಒಣಹುಲ್ಲಿನ ಒಂದು ಪದರವೂ ಬೇಕು.

ರಸ್ತೆಯಲ್ಲಿ

ಓಡುವ ಗಾಡಿಯ ವೇಗ ಎದುರಿನ ಗಾಜಿನ ಮೇಲಿನ ಪೆಟ್ಟನ್ನು ಹೆಚ್ಚಿಸುತ್ತದೆ. ಕಲ್ಲು ಶುರುವಾದೊಡನೆ ವೇಗ ತಗ್ಗಿಸಿ, ಹಜಾರ್ಡ್ ದೀಪ ಹಾಕಿ, ಹತ್ತಿರದ ಪೆಟ್ರೋಲ್ ಬಂಕ್ ಅಥವಾ ಗೋದಾಮಿನ ಸೂರು ಸೇರಬೇಕು. ಸೂರು ಸಿಗದಿದ್ದರೆ ರಸ್ತೆಯಿಂದ ಪೂರ್ತಿ ಎಡಕ್ಕೆ ಸರಿದು, ಜಾಹೀರಾತು ಫಲಕ, ವಿದ್ಯುತ್ ತಂತಿಗಳಿಂದ ದೂರ, ಮುಂದಿನ ಗಾಜು ಮಳೆಗೆ ಎದುರಾಗುವಂತೆ ನಿಲ್ಲುವುದು ಮೇಲು. ಬಾಗಿಲಿನ ಗಾಜಿಗಿಂತ ಅದು ಹೆಚ್ಚು ತಾಳುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ಸೇತುವೆಗಳ ಕೆಳಗೆ ಸಾಲುಗಟ್ಟಿ ನಿಂತರೆ ಹಿಂದಿನಿಂದ ಬರುವ ಲಾರಿಗೆ ಕಾಣದೆ ಅಪಘಾತವಾಗಬಹುದು. ಕೆಳಸೇತುವೆಗಳಲ್ಲಿ ನೀರು ನಿಲ್ಲುವ ಅಪಾಯವೂ ಇದೆ.

ಭಾರತೀಯ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಗುಡುಗು-ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸಿಡಿಲಿನ ಎಚ್ಚರಿಕೆ ನೀಡುತ್ತದೆ. ಮುನ್ಸೂಚನೆ ಇದ್ದ ದಿನ ಸರಕನ್ನು ಬೆಳಗ್ಗೆಯೇ ಸಾಗಿಸುವುದು ಖರ್ಚಿಲ್ಲದ ರಕ್ಷಣೆ.

ವಿಮೆ ಮತ್ತು ದುರಸ್ತಿ

1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯಗೊಳಿಸಿದ ಥರ್ಡ್ ಪಾರ್ಟಿ ವಿಮೆಯಲ್ಲಿ ಸ್ವಂತ ಗಾಡಿಯ ಹಾನಿಗೆ ಪರಿಹಾರವಿಲ್ಲ. ಸಮಗ್ರ ಪಾಲಿಸಿಯ ಸ್ವಂತ ಹಾನಿ ಭಾಗದಲ್ಲಿ ಆಲಿಕಲ್ಲು ಮಳೆಯ ಹೆಸರೇ ಇದೆ. ಆದರೆ ಸರಕು ವಾಹನಗಳ ಪಾಲಿಸಿಯಲ್ಲಿ ಐಎಂಟಿ 23 ಎಂಬ ಹೆಚ್ಚುವರಿ ಷರತ್ತು ಕೊಳ್ಳದಿದ್ದರೆ ಬಾನೆಟ್, ದೀಪ, ಮಡ್‌ಗಾರ್ಡ್, ಬಂಪರ್, ಬಣ್ಣ ಹೊರಗುಳಿಯುತ್ತವೆ. ಆಲಿಕಲ್ಲಿನ ಪೆಟ್ಟು ಹೆಚ್ಚು ಬೀಳುವುದೂ ಇಂಥ ಭಾಗಗಳಿಗೇ. ಆ ಷರತ್ತು ಇದ್ದರೂ ಈ ಭಾಗಗಳ ಅಂದಾಜು ನಷ್ಟದ ಅರ್ಧವನ್ನು ಮಾಲೀಕರೇ ಭರಿಸಬೇಕು. ಹೊತ್ತ ಸರಕು ವಾಹನ ವಿಮೆಗೆ ಸೇರದು, ಅದಕ್ಕೆ ಸಾಗಣೆ ವಿಮೆ ಬೇರೆ. ಹಾನಿಯ ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಬೇಕು; ಸರ್ವೇಯರ್ ನೋಡುವ ಮೊದಲು ದುರಸ್ತಿಗೆ ಕೈಹಾಕಬಾರದು. ಕ್ಲೇಮು ಪಡೆದರೆ ಶೇಕಡಾ 20ರಿಂದ 50ರಷ್ಟು ನೋ ಕ್ಲೇಮ್ ಬೋನಸ್ ಹೋಗುತ್ತದಾದ್ದರಿಂದ ನಾಲ್ಕಾರು ಗುಳಿಗಳಿಗೆ ಅರ್ಜಿ ಹಾಕುವುದು ನಷ್ಟದ ಬಾಬ್ತಾಗಬಹುದು.

ಬಣ್ಣ ಬಿರಿಯದ ಗುಳಿಯನ್ನು ಪುಟ್ಟಿ, ಬಣ್ಣ ಇಲ್ಲದೆ ಒಳಗಿನಿಂದ ಒತ್ತಿ ಎಬ್ಬಿಸಬಹುದು. ಬಣ್ಣ ಒಡೆದಲ್ಲಿ ಮಾತ್ರ ಡೆಂಟಿಂಗ್-ಪೇಂಟಿಂಗ್ ತಡ ಮಾಡಬಾರದು: ಜೂನಿನ ಮುಂಗಾರು ಹಿಡಿದರೆ ಗುಳಿಯೊಳಗೆ ತುಕ್ಕು ಹತ್ತುತ್ತದೆ.