ಹಳೆಯ ಬೀದರ್ ನಾಡಿನ ಬೇಸಿಗೆ ಜಾತ್ರೆಗಳ ಹಾಡು

ಜೋಳದ ರಾಶಿ ಮನೆ ಸೇರಿ, ಹೋಳಿ ಹುಣ್ಣಿಮೆ ಕಳೆದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಜಾತ್ರೆ, ಉರುಸುಗಳ ಕಾಲ. ನಾರಾಯಣಖೇಡದ ಲಂಬಾಣಿ ತಾಂಡಾಗಳಲ್ಲಿ ಹೋಳಿಯ ಲೇಂಗಿ ಹಾಡುಗಳೇ ಬೇಸಿಗೆಯನ್ನು ಬರಮಾಡಿಕೊಳ್ಳುತ್ತವೆ. ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು, ಲಂಬಾಣಿಗರ ಗೋರ್ ಬೋಲಿ ಒಂದೇ ಸಂತೆಯಲ್ಲಿ ಕೇಳಿಬರುವ ಈ ನಾಡಿನಲ್ಲಿ ಹಾಡು ಒಂದು ಭಾಷೆಗೆ ಕಟ್ಟುಬಿದ್ದದ್ದು ಕಡಿಮೆ.

ಈ ಜಾತ್ರೆಗಳಲ್ಲಿ ಇತಿಹಾಸ ಸ್ಪಷ್ಟವಾಗಿ ಕಾಣುವುದು ಬೀದರ್ ಪಕ್ಕದ ಅಷ್ಟೂರಿನ ಉರುಸಿನಲ್ಲಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಷಾ (ಆಳ್ವಿಕೆ 1422–1436) ಅಲ್ಲಿ ಮಣ್ಣಾಗಿದ್ದಾನೆ. ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಷಾ ನಿಅಮತುಲ್ಲಾನಲ್ಲಿ ಅವನಿಗೆ ಅಪಾರ ಭಕ್ತಿ. ಗೋರಿಯ ಒಳಗೋಡೆಗಳ ಮೇಲೆ ಆ ಸೂಫಿಯ ಪಾರಸಿ ಪದ್ಯಗಳನ್ನು ಬರೆಸಲಾಗಿದೆ. ಮುಸ್ಲಿಮರಿಗೆ ಸುಲ್ತಾನ ‘ವಲಿ’ಯಾದರೆ, ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭು. ಉರುಸಿನ ದಿನವನ್ನು ಗೊತ್ತುಮಾಡುವುದು ಹಿಜರಿ ಪಂಚಾಂಗದಿಂದಲ್ಲ, ಹೋಳಿಯಿಂದ ಎಣಿಸಿ. ಹಿಜರಿ ಲೆಕ್ಕದ ಉರುಸು ವರ್ಷವರ್ಷಕ್ಕೆ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಅಷ್ಟೂರಿನದು ಮಾತ್ರ ಬೇಸಿಗೆಯನ್ನು ಬಿಟ್ಟು ಕದಲಿಲ್ಲ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಭಕ್ತರ ಮೇಳದೊಡನೆ ನಡೆದು ಬಂದು, ಶಂಖ ಊದಿ ಗೋರಿಗೆ ಹೂವು ಏರಿಸುತ್ತಾರೆ. ಅದೇ ಅಂಗಳದಲ್ಲಿ ಕವ್ವಾಲಿಯೂ ನಡೆಯುತ್ತದೆ. ಇಂಥ ಕೂಟವನ್ನು ಯಾರೋ ಒಬ್ಬರು ಯೋಜಿಸಿ ಕಟ್ಟಲು ಸಾಧ್ಯವಿರಲಿಲ್ಲ; ಅದು ತಲೆಮಾರುಗಳ ನಡಿಗೆಯಿಂದ ಕೂಡಿಬಂದದ್ದು.

  

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆರಕೆಗೆ ಇನ್ನಷ್ಟು ಕಸುವು ಬಂತು. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದೂಸ್ತಾನಿಗಳಲ್ಲಿ ಪದಗಳನ್ನು ಕಟ್ಟಿದರು. ಅವರ ಸಂಸ್ಥಾನ ಹಿಂದೂಸ್ತಾನಿ ಗಾಯಕರಿಗೆ ಆಸರೆಯಾಯಿತು. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಬರ ತತ್ವಪದಗಳು ಕಲಬುರಗಿ ಸೀಮೆಯ ಭಜನೆ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳೊಡನೆ ಬಾಯಿಂದ ಬಾಯಿಗೆ ಸಾಗಿದವು. ಮೊಹರಂ ಬಂದರೆ ಕನ್ನಡದಲ್ಲೇ ರಿವಾಯತ ಪದ, ಅಲಾಯಿ ಕುಣಿತ. 1874ರಲ್ಲಿ ಸಿಕಂದರಾಬಾದ್–ವಾಡಿ ರೈಲು ತಾಂಡೂರಿನ ಮೇಲೆ ಹಾದುಹೋದ ಮೇಲೆ, ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಹಾದಿ ಹತ್ತಿರವಾಯಿತು.

ನಿಜಾಮರ ಕಾಲದಲ್ಲಿ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಮೂರೂ ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಹೋಬಳಿ ಮಾತ್ರ ಮೈಸೂರು ರಾಜ್ಯಕ್ಕೆ ಸೇರಿತು, ಬೀದರ್ ತಾಲ್ಲೂಕಿನ ನ್ಯಾಲಕಲ್ ಹೋಬಳಿ ಆಂಧ್ರಕ್ಕೆ ಸಂದಿತು. ಭಾಷೆಯ ಲೆಕ್ಕದ ಗೆರೆ ಹೋಬಳಿಗಳ ನಡುವೆಯೇ ಹಾದರೂ ದೇವರಿಗೆ ನಡೆದುಕೊಳ್ಳುವವರ ದಾರಿ ಬದಲಾಗಲಿಲ್ಲ.

ತಾಂಡೂರಿನ ಭಾವಿಗಿ ಭದ್ರೇಶ್ವರ ಜಾತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ. ದೇವರ ಹೆಸರಿನಲ್ಲಿರುವ ಭಾವಿಗಿ ಬೀದರ್ ಸೀಮೆಯ ಹಳ್ಳಿ. ತೇರು ಎಳೆಯುವುದು ಈಗ ತೆಲಂಗಾಣದಲ್ಲಿರುವ ತಾಂಡೂರಿನಲ್ಲಿ. ಏಪ್ರಿಲ್ ಹೊತ್ತಿನ ಈ ಜಾತ್ರೆಗೆ ಗಡಿಯಾಚೆಯ ಕನ್ನಡ ಭಕ್ತರೂ ಬರುತ್ತಾರೆ. ಜಹೀರಾಬಾದಿನ ಬಳಿಯ ಝರಾಸಂಗದ ಕೇತಕಿ ಸಂಗಮೇಶ್ವರನಿಗೂ ಶಿವರಾತ್ರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಸೇರುತ್ತಾರೆ.

ಹಾಡಿನ ಈ ಸಂಪತ್ತಿಗೆ ಈಚೆಗೆ ಹೊಸದೊಂದು ನೆಲೆಯೂ ಸಿಕ್ಕಿದೆ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು 2008ರಲ್ಲಿ ‘ಸಂಘಂ ರೇಡಿಯೋ’ ಆರಂಭಿಸಿದರು. ಬೇಸಾಯದ ಮಾತಿನ ಜೊತೆಗೆ ಊರ ಹೆಂಗಸರ ಹಾಡುಗಳನ್ನೂ ಅವರೇ ಧ್ವನಿಮುದ್ರಿಸಿ ಪ್ರಸಾರ ಮಾಡುತ್ತ ಬಂದಿದ್ದಾರೆ.